ಛಾವಣಿಯ ಕೆಳಗೆ ನಾಲ್ಕು ವರ್ಷ

ಯುರೋಪು ಮತ್ತು ಅಮೆರಿಕದ ಶಾಲೆಗಳಲ್ಲಿ ಚಿತ್ರಕಲೆಯ ಉಪಾಧ್ಯಾಯರು ಮಕ್ಕಳಿಂದ ಒಂದು ವಿಚಿತ್ರವಾದ ಅಭ್ಯಾಸವನ್ನು ಮಾಡಿಸುವುದುಂಟು. ಚಿತ್ರ ಬರೆಯುವ ಹಾಳೆಯನ್ನು ಮೇಜಿನ ಮೇಲೆ ಹರಡುವ ಬದಲು ಅದರ ತಳಭಾಗಕ್ಕೆ ಅಂಟಿಸುತ್ತಾರೆ. ಮಕ್ಕಳು ಮೇಜಿನ ಕೆಳಗೆ ನುಸುಳಿ, ನೆಲದ ಮೇಲೆ ಅಂಗಾತ ಮಲಗಿ, ಕೈಯನ್ನು ಮೇಲೆತ್ತಿ ಬಣ್ಣ ಹಚ್ಚಬೇಕು. ಮೊದಮೊದಲು ನಗುವೂ ಗದ್ದಲವೂ ಹೆಚ್ಚು. ಸ್ವಲ್ಪ ಹೊತ್ತು ಕಳೆಯುವಷ್ಟರಲ್ಲಿ ಗದ್ದಲ ಅಡಗುತ್ತದೆ. ತೋಳು ಭಾರವಾಗುತ್ತದೆ, ಭುಜದಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ಕುಂಚದಲ್ಲಿದ್ದ ಬಣ್ಣ ಹಿಡಿಯ ಗುಂಟ ಇಳಿದು ಮೊಣಕೈಯವರೆಗೆ ಹರಿಯುತ್ತದೆ. ಒಂದೆರಡು ಹನಿ ಮೂಗಿನ ಮೇಲೂ ಬೀಳುತ್ತವೆ. ಆಗ ಉಪಾಧ್ಯಾಯರು ಮಕ್ಕಳನ್ನು ಹೊರಗೆ ಕರೆದು, ಹೀಗೆ ತಲೆಯ ಮೇಲೆ ಚಿತ್ರ ಬರೆದ ಒಬ್ಬ ಮನುಷ್ಯನ ಕಥೆಯನ್ನು ಹೇಳುತ್ತಾರೆ. ಆ ಮನುಷ್ಯನ ಹೆಸರು ಮೈಕೆಲೆಂಜೆಲೊ ಬ್ವೊನರೊಟಿ.

ಮಕ್ಕಳ ಈ ಆಟದಲ್ಲಿ ಒಂದು ತಪ್ಪೂ ಇದೆ. ಅದು ಯಾವುದೆಂಬುದನ್ನು ಸಂದರ್ಭ ಬಂದಾಗ ನೋಡೋಣ.

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಕಪ್ರೇಸೆ ಎಂಬ ಬೆಟ್ಟದ ಊರು. ಅಲ್ಲಿ ಮೈಕೆಲೆಂಜೆಲೊ 1475ನೆಯ ಇಸವಿ ಮಾರ್ಚ್ 6ರಂದು ಜನಿಸಿದನು. ತಂದೆ ಲೊಡೊವಿಕೊ ಆ ಊರಿನಲ್ಲಿ ಅಲ್ಪಕಾಲದ ಆಡಳಿತಾಧಿಕಾರಿಯಾಗಿದ್ದನು. ಅಧಿಕಾರದ ಅವಧಿ ಮುಗಿದೊಡನೆ ಸಂಸಾರವು ಫ್ಲಾರೆನ್ಸ್ ನಗರಕ್ಕೆ ಹಿಂದಿರುಗಿತು. ಕೂಸನ್ನು ಮಾತ್ರ ಅಂದಿನ ಪದ್ಧತಿಯಂತೆ ನಗರದ ಹೊರಗಿನ ಸೆಟಿನ್ಯಾನೊ ಗ್ರಾಮದ ಒಬ್ಬ ದಾದಿಯ ಬಳಿ ಬಿಟ್ಟರು. ಸೆಟಿನ್ಯಾನೊ ಕಲ್ಲುಕುಟಿಗರ ಊರು. ದಾದಿಯ ತಂದೆಯೂ ಗಂಡನೂ ಕಲ್ಲಿನ ಕೆಲಸದವರು. ಬೆಳಗಿನಿಂದ ಸಂಜೆಯವರೆಗೆ ಉಳಿಯ ಸದ್ದು ಕೇಳಿಬರುತ್ತಿದ್ದ ಆ ಊರಿನಲ್ಲಿ ಮಗು ಬೆಳೆಯಿತು. ದಾದಿಯ ಹಾಲಿನೊಡನೆಯೇ ತನಗೆ ಉಳಿ ಸುತ್ತಿಗೆಗಳ ವಿದ್ಯೆಯೂ ಒಳಸೇರಿತೆಂದು ಅವನು ಮುಂದೆ ವಿನೋದವಾಗಿ ಹೇಳಿಕೊಳ್ಳುತ್ತಿದ್ದನಂತೆ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು.

ಬ್ವೊನರೊಟಿ ಮನೆತನದವರು ತಮ್ಮನ್ನು ಕುಲೀನರೆಂದು ತಿಳಿದಿದ್ದರು. ಕೈಯಲ್ಲಿ ಹಣವಿರಲಿಲ್ಲ, ಅಭಿಮಾನವೇನೋ ಬೇಕಾದಷ್ಟಿತ್ತು. ಮಗನು ವ್ಯಾಕರಣ ಕಲಿತು ವ್ಯಾಪಾರದಲ್ಲೋ ಸರಕಾರಿ ಕೆಲಸದಲ್ಲೋ ಮುಂದೆ ಬರಲೆಂದು ತಂದೆ ಅವನನ್ನು ಶಾಲೆಗೆ ಕಳುಹಿಸಿದನು. ಹುಡುಗನು ಪಾಠವನ್ನು ಬಿಟ್ಟು ಚಿತ್ರ ಬರೆಯುತ್ತಿದ್ದನು. ಚಿತ್ರ ಬರೆಯುವುದೆಂದರೆ ಬಡಗಿ, ಕಮ್ಮಾರರ ಕಸುಬಿನಂತೆ ಒಂದು ಕೈಗೆಲಸವೆಂದು ಭಾವಿಸಿದ್ದ ತಂದೆ ಮತ್ತು ಚಿಕ್ಕಪ್ಪಂದಿರು ಅವನನ್ನು ಬೈದರು, ಹಲವು ಬಾರಿ ಹೊಡೆದರು. ಹೊಡೆತದಿಂದ ಪ್ರಯೋಜನವಾಗಲಿಲ್ಲ. ಕೊನೆಗೆ 1488ರಲ್ಲಿ, ಅವನ ಹದಿಮೂರನೆಯ ವಯಸ್ಸಿನಲ್ಲಿ, ತಂದೆಯೇ ಅವನನ್ನು ಡೊಮೆನಿಕೊ ಗಿರ್ಲಾಂಡಾಯೊ ಎಂಬ ಹೆಸರಾಂತ ಚಿತ್ರಕಾರನ ಕಾರ್ಯಾಗಾರದಲ್ಲಿ ಮೂರು ವರ್ಷದ ಕರಾರಿನ ಮೇಲೆ ಸೇರಿಸಿದನು. ಸಾಮಾನ್ಯವಾಗಿ ಶಿಷ್ಯನ ಕಡೆಯವರೇ ಗುರುವಿಗೆ ಹಣ ಕೊಡುವುದು ವಾಡಿಕೆ. ಈ ಹುಡುಗನಿಗಾದರೋ ಗುರುವೇ ಮೂರು ವರ್ಷಕ್ಕೆ 24 ಫ್ಲಾರಿನ್ ನಾಣ್ಯಗಳನ್ನು ಕೊಡಲು ಒಪ್ಪಿದ್ದನು. ಇದರಿಂದ ಹುಡುಗನ ಕೈ ಆಗಲೇ ಎಷ್ಟು ಪಳಗಿತ್ತೆಂಬುದನ್ನು ಊಹಿಸಬಹುದು.

ಗಿರ್ಲಾಂಡಾಯೊ ಆ ಕಾಲದಲ್ಲಿ ಒಂದು ದೊಡ್ಡ ಚರ್ಚಿನ ಗೋಡೆಗಳ ಮೇಲೆ ಹಸಿಗಾರೆಯ ಚಿತ್ರಗಳನ್ನು ಬರೆಯುತ್ತಿದ್ದನು. ಬಣ್ಣ ಅರೆಯುವುದು, ಗಾರೆ ಕಲಸುವುದು, ಚಿತ್ರದ ನಕಲನ್ನು ಗೋಡೆಗೆ ಇಳಿಸುವುದು ಇವೆಲ್ಲ ಅಲ್ಲಿ ಹುಡುಗರ ಪಾಲಿನ ಕೆಲಸ. ಮೈಕೆಲೆಂಜೆಲೊ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಅವನ ಮನಸ್ಸು ಕಲ್ಲಿನ ಕಡೆಗೆ ಎಳೆಯುತ್ತಿತ್ತು. ಫ್ಲಾರೆನ್ಸಿನ ಒಡೆಯನಂತಿದ್ದ ಲೊರೆಂಜೊ ದೆ ಮೆಡಿಚಿಯು ಹಳೆಯ ಶಿಲ್ಪಗಳನ್ನು ತನ್ನದೊಂದು ತೋಟದಲ್ಲಿ ಕೂಡಿಹಾಕಿ, ತರುಣರು ಅವನ್ನು ನೋಡಿ ಕಲಿಯಲು ಅನುಕೂಲ ಮಾಡಿಕೊಟ್ಟಿದ್ದನು. ಅಲ್ಲಿಗೆ ಸೇರಿದ ಮೈಕೆಲೆಂಜೆಲೊನ ಕೆಲಸವನ್ನು ಕಂಡು ಮೆಚ್ಚಿದ ಲೊರೆಂಜೊ ಅವನನ್ನು ತನ್ನ ಅರಮನೆಯಲ್ಲಿಯೇ ಇರಿಸಿಕೊಂಡನು. ಹುಡುಗನು ಪಂಡಿತರ, ಕವಿಗಳ ಜೊತೆಯಲ್ಲಿ ಕುಳಿತು ಊಟ ಮಾಡಿದನು. ಅವನ ಮೊನಚಾದ ನಾಲಿಗೆಯಿಂದ ಒಮ್ಮೆ ತೊಂದರೆಯೂ ಆಯಿತು. ಚರ್ಚೊಂದರಲ್ಲಿ ಹಳೆಯ ಭಿತ್ತಿಚಿತ್ರಗಳನ್ನು ನಕಲು ಮಾಡುತ್ತಿದ್ದಾಗ ಅವನ ಹಾಸ್ಯದಿಂದ ಸಿಟ್ಟಿಗೆದ್ದ ಟೊರಿಜಾನೊ ಎಂಬ ಸಹಪಾಠಿ ಮುಖಕ್ಕೆ ಗುದ್ದಿದನು. ಮೂಗಿನ ಮೂಳೆ ಮುರಿಯಿತು. ಆ ಚಪ್ಪಟೆ ಮೂಗು ಕೊನೆಯವರೆಗೂ ಹಾಗೆಯೇ ಉಳಿಯಿತು.

1492ರಲ್ಲಿ ಲೊರೆಂಜೊ ತೀರಿಕೊಂಡನು. ಅವನ ಮಗ ಪಿಯೆರೊವಿಗೆ ತಂದೆಯ ರಸಿಕತೆ ಇರಲಿಲ್ಲ. 1494ರ ಜನವರಿಯಲ್ಲಿ ಫ್ಲಾರೆನ್ಸಿನಲ್ಲಿ ಅಪರೂಪವಾಗಿ ಭಾರಿ ಹಿಮ ಬಿದ್ದಿತು. ಪಿಯೆರೊ ಈ ತರುಣ ಶಿಲ್ಪಿಯನ್ನು ಕರೆಸಿ, ಅರಮನೆಯ ಅಂಗಳದಲ್ಲಿ ಒಂದು ಹಿಮದ ಪ್ರತಿಮೆಯನ್ನು ಮಾಡಿಸಿದನು. ಅದು ಎಷ್ಟು ದಿನ ನಿಂತಿತೋ, ಹೇಗಿತ್ತೋ, ಕಂಡವರೇ ಬಲ್ಲರು. ಬಿಸಿಲು ಬಂದೊಡನೆ ಕರಗಿ ನೀರಾಯಿತು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ರೋಮಿಗೆ ಹೋದನು. ಅಲ್ಲಿ ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ ಮೇರಿಯ ಅಮೃತಶಿಲೆಯ ಮೂರ್ತಿಯನ್ನು ಕೆತ್ತಿದನು. ‘ಪಿಯೆತಾ’ ಎಂದು ಪ್ರಸಿದ್ಧವಾದ ಈ ಶಿಲ್ಪ ಮುಗಿದಾಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಬಳಿಕ 1501ರಲ್ಲಿ ಫ್ಲಾರೆನ್ಸಿಗೆ ಹಿಂದಿರುಗಿದನು. ಅಲ್ಲಿನ ಮುಖ್ಯ ಚರ್ಚಿನ ಅಂಗಳದಲ್ಲಿ ಒಂದು ಮಹಾ ಅಮೃತಶಿಲೆ ಸುಮಾರು ನಲವತ್ತು ವರ್ಷಗಳಿಂದ ಅನಾಥವಾಗಿ ಬಿದ್ದಿತ್ತು. ಹಿಂದೆ ಯಾರೋ ಕೆತ್ತಲು ತೊಡಗಿ, ಕೈಗೂಡದೆ ಬಿಟ್ಟ ಕಲ್ಲು ಅದು. ಅದರಿಂದಲೇ ಮೈಕೆಲೆಂಜೆಲೊ ಹದಿನೇಳು ಅಡಿ ಎತ್ತರದ ದಾವೀದನ ವಿಗ್ರಹವನ್ನು ಬಿಡಿಸಿದನು. 1504ರಲ್ಲಿ ಅದನ್ನು ನಗರಸಭೆಯ ಅರಮನೆಯ ಮುಂದೆ ನಿಲ್ಲಿಸಿದರು. ಬಿಸಿಲು ಮಳೆಗಳಿಂದ ಕಾಪಾಡುವುದಕ್ಕಾಗಿ 1873ರಲ್ಲಿ ಅದನ್ನು ಒಳಗಿನ ಕಲಾಶಾಲೆಗೆ ಸಾಗಿಸಿದರು. ಮೂವತ್ತನೆಯ ವಯಸ್ಸಿನ ಹೊತ್ತಿಗೆ ಇಟಲಿಯಲ್ಲಿ ಅವನಿಗೆ ಸಮನಾದ ಶಿಲ್ಪಿಯಿಲ್ಲವೆಂದು ಜನ ಒಪ್ಪಿಕೊಂಡಿದ್ದರು. ಅವನೂ ತನ್ನನ್ನು ಶಿಲ್ಪಿಯೆಂದೇ ಕರೆದುಕೊಳ್ಳುತ್ತಿದ್ದನು.

ಇಂಥ ಶಿಲ್ಪಿಯ ಕೈಗೆ ಕುಂಚ ಬಂದುದು ಹೇಗೆ? ಅದಕ್ಕೆ ಕಾರಣನಾದವನು ಪೋಪ್ ಎರಡನೆಯ ಜೂಲಿಯಸ್. ಅವನು ಕ್ರೈಸ್ತ ಧರ್ಮಗುರುವಾಗಿದ್ದರೂ ಕವಚ ತೊಟ್ಟು ಯುದ್ಧಭೂಮಿಗೆ ಹೋಗುತ್ತಿದ್ದ, ಮುಂಗೋಪದ ಮುದುಕ. 1505ರಲ್ಲಿ ಅವನು ಮೈಕೆಲೆಂಜೆಲೊನನ್ನು ಕರೆಸಿ, ತನಗಾಗಿ ಒಂದು ಭವ್ಯ ಸಮಾಧಿಯನ್ನು ಕಟ್ಟಲು ಹೇಳಿದನು. ಶಿಲ್ಪಿಯು ಹಿಗ್ಗಿ ಕರಾರ ಎಂಬಲ್ಲಿನ ಅಮೃತಶಿಲೆಯ ಗಣಿಗಳಿಗೆ ಹೋಗಿ, ಎಂಟು ತಿಂಗಳು ಬೆಟ್ಟದಲ್ಲೇ ಇದ್ದು, ಕಲ್ಲುಗಳನ್ನು ಒಂದೊಂದಾಗಿ ಆರಿಸಿ ರೋಮಿಗೆ ಸಾಗಿಸಿದನು. ಅಷ್ಟರಲ್ಲಿ ಪೋಪನ ಮನಸ್ಸು ಬದಲಾಗಿತ್ತು. ಸಂತ ಪೀಟರನ ಹಳೆಯ ದೇವಾಲಯವನ್ನು ಕೆಡವಿ ಹೊಸದಾಗಿ ಕಟ್ಟಿಸುವ ಯೋಜನೆಯಲ್ಲಿ ಅವನು ಮುಳುಗಿದ್ದನು. ಕಲ್ಲಿನ ಹಣ ಕೇಳಲು ಹೋದ ಶಿಲ್ಪಿಯನ್ನು ಬಾಗಿಲಿನಲ್ಲಿಯೇ ತಡೆದು ಹಿಂದಕ್ಕೆ ಕಳುಹಿಸಿದರು. ಅವಮಾನ ಸಹಿಸದ ಮೈಕೆಲೆಂಜೆಲೊ 1506ರ ಏಪ್ರಿಲಿನಲ್ಲಿ ಹೇಳದೆ ಕೇಳದೆ ಫ್ಲಾರೆನ್ಸಿಗೆ ಹೊರಟುಹೋದನು. ಮರುದಿನವೇ ಹೊಸ ದೇವಾಲಯದ ಅಸ್ತಿಭಾರ ಬಿದ್ದಿತು. ಕೆಲವು ತಿಂಗಳ ಮೇಲೆ ಬೊಲೋನ್ಯದಲ್ಲಿ ಇಬ್ಬರಿಗೂ ರಾಜಿಯಾಯಿತು. ಪೋಪನ ಒಂದು ದೊಡ್ಡ ಕಂಚಿನ ಮೂರ್ತಿಯನ್ನು ಎರಕಹೊಯ್ಯುವುದು ರಾಜಿಯ ಬೆಲೆ. ಆ ಮೂರ್ತಿಯನ್ನು 1511ರಲ್ಲಿ ಪೋಪನ ಶತ್ರುಗಳು ಉರುಳಿಸಿ, ಕರಗಿಸಿ, ಫಿರಂಗಿ ಮಾಡಿಕೊಂಡರು.

ಇಷ್ಟಾದರೂ ಸಮಾಧಿಯ ಕೆಲಸ ಸಿಕ್ಕಲಿಲ್ಲ. 1508ರಲ್ಲಿ ಪೋಪನು ಅವನನ್ನು ಮತ್ತೆ ರೋಮಿಗೆ ಕರೆಸಿ, ಸಿಸ್ಟೈನ್ ಪ್ರಾರ್ಥನಾಮಂದಿರದ ಛಾವಣಿಗೆ ಚಿತ್ರ ಬರೆಯಬೇಕೆಂದು ಆಜ್ಞಾಪಿಸಿದನು. ಪೋಪನ ಚಿಕ್ಕಪ್ಪ ನಾಲ್ಕನೆಯ ಸಿಕ್ಸ್ಟಸ್ ಕಟ್ಟಿಸಿದ ಮಂದಿರ ಅದು. ಉದ್ದ ಸುಮಾರು 40 ಮೀಟರು, ಅಗಲ 13 ಮೀಟರು, ನೆಲದಿಂದ ಛಾವಣಿಗೆ 20 ಮೀಟರು. ಕಮಾನಿನಂತೆ ಬಾಗಿದ ಆ ಛಾವಣಿಗೆ ಅಲ್ಲಿಯವರೆಗೆ ನೀಲಿ ಬಣ್ಣ ಬಳಿದು ಚಿನ್ನದ ನಕ್ಷತ್ರಗಳನ್ನು ಬರೆದಿದ್ದರು. 1504ರಲ್ಲಿ ಕಟ್ಟಡ ಕುಸಿದು ಛಾವಣಿಯಲ್ಲಿ ದೊಡ್ಡ ಬಿರುಕೊಂದು ಬಿಟ್ಟಿತ್ತು. ಈ ಕೆಲಸಕ್ಕೆ ತನ್ನ ಹೆಸರನ್ನು ಸೂಚಿಸಿದವನು ಪೋಪನ ವಾಸ್ತುಶಿಲ್ಪಿ ಬ್ರಮಾಂಟೆ, ತಾನು ಸೋತು ನಗೆಗೀಡಾಗಲೆಂಬುದೇ ಅವನ ಉದ್ದೇಶ ಎಂದು ಮೈಕೆಲೆಂಜೆಲೊ ನಂಬಿದ್ದನು. ಅವನ ಶಿಷ್ಯ ಕೊಂಡಿವಿ ಬರೆದ ಜೀವನಚರಿತ್ರೆಯಲ್ಲಿ ಈ ಮಾತಿದೆ. ಅದು ನಿಜವಿದ್ದಿರಲಾರದೆಂಬುದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಮೈಕೆಲೆಂಜೆಲೊನ ಸಂಶಯ ಪ್ರವೃತ್ತಿ ಸಣ್ಣದಾಗಿರಲಿಲ್ಲ. 1508ರ ಮೇ 10ರಂದು ಅವನು ಮುಂಗಡವಾಗಿ 500 ಡುಕಾಟುಗಳನ್ನು ಪಡೆದನು. ಚಿತ್ರ ಬರೆಯುವುದಕ್ಕಾಗಿ ಪಡೆದ ಆ ಹಣಕ್ಕೆ ಬರೆದ ರಶೀದಿಯಲ್ಲಿಯೂ ಅವನು ತನ್ನನ್ನು ಶಿಲ್ಪಿಯೆಂದೇ ಕಾಣಿಸಿದ್ದಾನೆ.

ಹನ್ನೆರಡು ಮಂದಿ ಯೇಸುಶಿಷ್ಯರ ಚಿತ್ರಗಳು, ಉಳಿದ ಜಾಗದಲ್ಲಿ ಅಲಂಕಾರದ ಬಳ್ಳಿಗಳು: ಇದು ಪೋಪನ ಮೊದಲ ಯೋಜನೆ. ಅದು ಬಡಕಲಾಗಿ ಕಾಣುವುದೆಂದು ಚಿತ್ರಕಾರನು ವಾದಿಸಿದ ಮೇಲೆ ಅವನ ಇಷ್ಟಕ್ಕೆ ಬಿಟ್ಟರು. ಮಾಡಲೊಲ್ಲದ ಕೆಲಸವನ್ನು ಅವನೇ ಹಲವು ಪಟ್ಟು ಬೆಳೆಸಿಕೊಂಡದ್ದು ಆಶ್ಚರ್ಯ. ಲೋಕ ಹುಟ್ಟಿದುದರಿಂದ ಮೊದಲುಗೊಂಡು ನೋವನ ಕಾಲದವರೆಗಿನ ಬೈಬಲಿನ ಕಥೆಯನ್ನು ಒಂಬತ್ತು ದೊಡ್ಡ ಚಿತ್ರಗಳಲ್ಲಿ ಬರೆಯಲು ಅವನು ನಿಶ್ಚಯಿಸಿದನು. ಸುತ್ತಲೂ ಏಳು ಮಂದಿ ಪ್ರವಾದಿಗಳು, ಭವಿಷ್ಯ ಹೇಳುವ ಐವರು ಸ್ತ್ರೀಯರು, ಯೇಸುವಿನ ಪೂರ್ವಿಕರು. ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಆಕೃತಿಗಳು.

ಮೊದಲು ಸಾರುವೆ ಬೇಕಾಯಿತು. ಬ್ರಮಾಂಟೆ ಛಾವಣಿಯಲ್ಲಿ ತೂತು ಕೊರೆದು ಹಗ್ಗಗಳಿಂದ ಸಾರುವೆಯನ್ನು ತೂಗುಬಿಡುವ ಉಪಾಯ ಹೇಳಿದನು. ಕೆಲಸ ಮುಗಿದ ಮೇಲೆ ಆ ತೂತುಗಳನ್ನು ಮುಚ್ಚುವುದು ಹೇಗೆಂದು ಮೈಕೆಲೆಂಜೆಲೊ ಕೇಳಿದುದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಅವನು ಬೇರೆಯದೇ ದಾರಿ ಹಿಡಿದನು. ಕಿಟಕಿಗಳ ಮೇಲ್ಭಾಗದ ಗೋಡೆಯಲ್ಲಿ ರಂಧ್ರಗಳನ್ನು ಮಾಡಿ, ಅವುಗಳಲ್ಲಿ ಮರದ ತೊಲೆಗಳನ್ನು ಚುಚ್ಚಿ, ಆ ತೊಲೆಗಳ ಮೇಲೆ ಸೇತುವೆಯಂಥ ಅಟ್ಟಣೆಯನ್ನು ಕಟ್ಟಿಸಿದನು. ಅಟ್ಟಣೆ ಮಂದಿರದ ಅರ್ಧ ಭಾಗವನ್ನು ಮಾತ್ರ ಆವರಿಸಿತ್ತು. ಕೆಳಗೆ ನೆಲದಲ್ಲಿ ಒಂದು ಕಂಬವೂ ಇರಲಿಲ್ಲವಾದ್ದರಿಂದ ಪೂಜೆ ಪ್ರಾರ್ಥನೆಗಳಿಗೆ ಅಡ್ಡಿಯಾಗಲಿಲ್ಲ. ಕಮಾನಿನ ಬಾಗಿಗೆ ಸರಿಯಾಗಿ ಹಲಗೆಗಳು ಮೆಟ್ಟಿಲುಮೆಟ್ಟಿಲಾಗಿ ಏರಿದ್ದವು. ಅದರ ಮೇಲೆ ಮನುಷ್ಯನು ನೆಟ್ಟಗೆ ನಿಲ್ಲಬಹುದಾಗಿತ್ತು; ಕೈಯೆತ್ತಿದರೆ ಛಾವಣಿ ತಾಗುತ್ತಿತ್ತು.

ಮಕ್ಕಳ ಆಟದಲ್ಲಿರುವ ತಪ್ಪು ಇದೇ. ಮೈಕೆಲೆಂಜೆಲೊ ಮಲಗಿಕೊಂಡು ಚಿತ್ರ ಬರೆಯಲಿಲ್ಲ, ನಿಂತು ಬರೆದನು. ಅವನ ಸಮಕಾಲೀನನಾದ ಪಾವೊಲೊ ಜೋವಿಯೊ ಎಂಬ ಪಾದ್ರಿಯು ಲ್ಯಾಟಿನ್ ಭಾಷೆಯಲ್ಲಿ ಅವನ ವಿಷಯ ಬರೆಯುವಾಗ ‘ರೆಸುಪಿನಸ್’ ಎಂಬ ಪದವನ್ನು ಬಳಸಿದನು. ಹಿಂದಕ್ಕೆ ಬಾಗಿದವನು ಎಂದು ಅದರ ಅರ್ಥ. ಅಂಗಾತ ಮಲಗಿದವನು ಎಂದು ಅದನ್ನು ಓದಿದವರಿಂದ ಈ ಕಥೆ ಹಬ್ಬಿತು. 1965ರಲ್ಲಿ ತೆರೆಕಂಡ ಒಂದು ಇಂಗ್ಲಿಷ್ ಚಲನಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ನಿಜವೇನೆಂಬುದಕ್ಕೆ ಮೈಕೆಲೆಂಜೆಲೊನೇ ಸಾಕ್ಷಿ ಬಿಟ್ಟುಹೋಗಿದ್ದಾನೆ. ಈ ಕೆಲಸದಿಂದ ತನ್ನ ಮೈಗೆ ಬಂದ ದುರವಸ್ಥೆಯನ್ನು ಕುರಿತು ಅವನು ಒಬ್ಬ ಸ್ನೇಹಿತನಿಗೆ ಒಂದು ಹಾಸ್ಯದ ಕವಿತೆಯನ್ನು ಬರೆದು ಕಳುಹಿಸಿದನು. ಅದೇ ಕಾಗದದ ಅಂಚಿನಲ್ಲಿ ಒಂದು ಸಣ್ಣ ಚಿತ್ರವಿದೆ. ಒಬ್ಬನು ನಿಂತಿದ್ದಾನೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿದೆ, ತಲೆ ಮೇಲಕ್ಕೆ ತಿರುಗಿದೆ, ಬಲಗೈ ನೀಳವಾಗಿ ಮೇಲೆ ಚಾಚಿ ಛಾವಣಿಯ ಮೇಲಿನ ಒಂದು ವಿಕಾರವಾದ ಮೂರ್ತಿಯನ್ನು ಬರೆಯುತ್ತಿದೆ.

ಮಲಗುವುದಕ್ಕಿಂತ ಇದು ಕಷ್ಟವೆಂಬುದನ್ನು ನೀವು ಈಗಲೇ ಪರೀಕ್ಷಿಸಬಹುದು. ಎದ್ದು ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ, ಕೈಯನ್ನು ಮೇಲೆ ಚಾಚಿ, ನೂರು ಎಣಿಸಿರಿ. ಅವನು ಹಾಗೆ ನಿಂತದ್ದು ತಿಂಗಳುಗಟ್ಟಲೆ.

ಹಸಿಗಾರೆಯ ಚಿತ್ರದ ರೀತಿಯೂ ನಿಧಾನವನ್ನು ಸಹಿಸುವುದಿಲ್ಲ. ಆ ದಿನ ಎಷ್ಟು ಭಾಗ ಬರೆಯಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಬೆಳಗ್ಗೆ ಸುಣ್ಣದ ಗಾರೆಯನ್ನು ತೆಳುವಾಗಿ ಹಚ್ಚಬೇಕು. ಮೊದಲೇ ದೊಡ್ಡ ಕಾಗದದ ಮೇಲೆ ಸಿದ್ಧಪಡಿಸಿದ ರೇಖಾಚಿತ್ರವನ್ನು ಅದರ ಮೇಲಿಟ್ಟು, ರೇಖೆಗಳ ಗುಂಟ ಚುಚ್ಚಿದ ಸಣ್ಣ ತೂತುಗಳ ಮೇಲೆ ಇದ್ದಲಿನ ಪುಡಿಯ ಗಂಟನ್ನು ತಟ್ಟಿದರೆ ಗಾರೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ರಂಗೋಲಿಯ ತೂತಿನ ಅಚ್ಚನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಳಿಕ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುವಾಗ ಸುಣ್ಣವು ಗಾಳಿಯೊಡನೆ ಸೇರಿ ಗಟ್ಟಿಯಾಗಿ, ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದು ನೀರಿಗೆ ಕರಗುವುದಿಲ್ಲ. ಆದರೆ ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕು. ತಪ್ಪಾದರೆ ತಿದ್ದಲು ಬರುವುದಿಲ್ಲ. ಗಾರೆಯನ್ನೇ ಕೆತ್ತಿ ತೆಗೆದು ಮರುದಿನ ಹೊಸದಾಗಿ ಹಚ್ಚಬೇಕು.

ಅವನು ಇದನ್ನು ಗಿರ್ಲಾಂಡಾಯೊವಿನ ಬಳಿ ಹುಡುಗನಾಗಿದ್ದಾಗ ಕಂಡವನು. ಅನುಭವ ಸಾಲದೆಂದು ಫ್ಲಾರೆನ್ಸಿನಿಂದ ಕೆಲವು ಮಂದಿ ಹಳೆಯ ಸ್ನೇಹಿತರನ್ನು ಕರೆಸಿಕೊಂಡನು. ಅವರ ಕೆಲಸ ಅವನಿಗೆ ಹಿಡಿಸದೆ ಎಲ್ಲರನ್ನೂ ಓಡಿಸಿ ಒಬ್ಬನೇ ಬರೆದನೆಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಗಾರೆ ಕಲಸುವವರು, ಬಣ್ಣ ಅರೆಯುವವರು, ಅಲಂಕಾರದ ಭಾಗಗಳನ್ನು ತುಂಬುವವರು ಕೊನೆಯವರೆಗೂ ಇದ್ದರೆಂಬುದು ಈಗ ತಿಳಿದಿದೆ. ಮೊದಲ ಚಳಿಗಾಲದಲ್ಲಿಯೇ ವಿಪತ್ತು ಬಂತು. ಜಲಪ್ರಳಯದ ಚಿತ್ರದ ಮೇಲೆ ಬೂಷ್ಟು ಹಿಡಿದು, ಬರೆದ ಮುಖಗಳು ಮಸುಕಾದವು. ಮೈಕೆಲೆಂಜೆಲೊ ಪೋಪನ ಬಳಿಗೆ ಹೋಗಿ, ಇದು ತನ್ನ ಕಸುಬಲ್ಲವೆಂದು ಮೊದಲೇ ಹೇಳಿದ್ದೆ, ಈಗ ಎಲ್ಲವೂ ಕೆಟ್ಟಿತು ಎಂದು ಮೊರೆಯಿಟ್ಟನು. ಪೋಪನು ಸಾಂಗಾಲೊ ಎಂಬ ವಾಸ್ತುಶಿಲ್ಪಿಯನ್ನು ಕಳುಹಿಸಿದನು. ಅವನು ನೋಡಿ, ಗಾರೆಯಲ್ಲಿ ನೀರು ಹೆಚ್ಚಾಗಿದೆ, ಅಷ್ಟೇ ಎಂದು ತೋರಿಸಿಕೊಟ್ಟನು. ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಮತ್ತೆ ಕೆಲಸ ನಡೆಯಿತು.

ಆ ವರ್ಷಗಳಲ್ಲಿ ಅವನು ಮನೆಗೆ ಬರೆದ ಕಾಗದಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಕಲೆಯ ಮಾತು ಬಹಳ ಕಡಿಮೆ, ಹಣದ ಮಾತು ಹೆಚ್ಚು. ಪೋಪನು ಹಣ ಕೊಟ್ಟಿಲ್ಲ, ಕೇಳುವುದಕ್ಕೂ ತನಗೆ ಧೈರ್ಯವಿಲ್ಲ, ಕೈಯಲ್ಲಿದ್ದುದನ್ನು ಕಳುಹಿಸಿದ್ದೇನೆ. ತಂದೆಯ ಖರ್ಚು, ತಮ್ಮಂದಿರು ಅಂಗಡಿ ಹಾಕುವ ಆಸೆ, ಎಲ್ಲವೂ ಇವನ ಮೇಲೆಯೇ. 1509ರಲ್ಲಿ ತಮ್ಮಂದಿರಲ್ಲಿ ಒಬ್ಬನು ತಂದೆಯೊಡನೆ ಕೆಟ್ಟದಾಗಿ ನಡೆದುಕೊಂಡನೆಂದು ತಿಳಿದಾಗ ಮೈಕೆಲೆಂಜೆಲೊ ಬೆಂಕಿಯಂಥ ಕಾಗದವೊಂದನ್ನು ಬರೆದನು. ಹನ್ನೆರಡು ವರ್ಷಗಳಿಂದ ಇಟಲಿಯಲ್ಲೆಲ್ಲ ಅಲೆದು, ಅವಮಾನ ನುಂಗಿ, ಮೈಯನ್ನು ಸವೆಸಿ ದುಡಿದದ್ದು ಈ ಮನೆಗಾಗಿಯೇ ಎಂದು ಅದರಲ್ಲಿ ನೆನಪು ಮಾಡಿಕೊಟ್ಟನು. ಹುಡುಗನಾಗಿದ್ದಾಗ ಚಿತ್ರ ಬರೆದುದಕ್ಕೆ ಹೊಡೆದ ತಂದೆಯ ಪರವಾಗಿ ಬರೆದ ಕಾಗದ ಇದು.

1510ರಲ್ಲಿ ಛಾವಣಿಯ ಮೊದಲ ಅರ್ಧ ಮುಗಿಯಿತು. ಪೋಪನು ಆಗ ಯುದ್ಧಕ್ಕೆ ಹೋಗಿದ್ದನು. ಹಣವಿಲ್ಲದೆ ಕೆಲಸ ನಿಂತಿತು. ಚಿತ್ರಕಾರನು ಹಣಕ್ಕಾಗಿ ಎರಡು ಬಾರಿ ಬೊಲೋನ್ಯಕ್ಕೆ ಪ್ರಯಾಣ ಮಾಡಬೇಕಾಯಿತು. ಕೊನೆಗೆ 1511ರ ಆಗಸ್ಟ್ ನಡುವಿನಲ್ಲಿ ಅಟ್ಟಣೆ ಕಳಚಿದ ಅರ್ಧವನ್ನು ಜನ ನೋಡಿದರು. ಮೈಕೆಲೆಂಜೆಲೊನೂ ನೋಡಿದನು. ಅಟ್ಟಣೆಯ ಮೇಲೆ ಮೊಳದಷ್ಟು ದೂರದಲ್ಲಿ ಮುಖ ಕೊಟ್ಟು ಬರೆಯುವವನಿಗೆ ಚಿತ್ರ ಪೂರ್ತಿಯಾಗಿ ಕಾಣುವುದೇ ಇಲ್ಲ. ಹಿಂದಕ್ಕೆ ಸರಿದು ನೋಡೋಣವೆಂದರೆ ಜಾಗವಿಲ್ಲ. ಮೂರು ವರ್ಷ ಬರೆದ ಮೇಲೆ, ನೆಲದ ಮೇಲೆ ನಿಂತು, ಇಪ್ಪತ್ತು ಮೀಟರು ದೂರದಿಂದ ಅವನು ತನ್ನ ಕೆಲಸವನ್ನು ಕಂಡನು. ಜಲಪ್ರಳಯದ ಚಿತ್ರದಲ್ಲಿ ಅರುವತ್ತರಷ್ಟು ಸಣ್ಣ ಸಣ್ಣ ಜನರಿದ್ದಾರೆ. ಕೆಳಗಿನಿಂದ ಅವರು ಒಬ್ಬರೊಳಗೊಬ್ಬರು ಬೆರೆತುಹೋಗುತ್ತಾರೆ.

ಉಳಿದ ಅರ್ಧದಲ್ಲಿ ಅವನ ಕೈ ಬದಲಾದುದನ್ನು ಯಾರಾದರೂ ಗುರುತಿಸಬಹುದು. ಗುಂಪು ಹೋಯಿತು. ಆಕೃತಿಗಳು ದೊಡ್ಡವಾದವು, ಕೆಲವೇ ಆದವು. ದೇವರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುವ ಚಿತ್ರದಲ್ಲಿ ಇರುವುದು ದೇವರೊಬ್ಬನೇ. ಆ ಮೂರ್ತಿಯನ್ನು ಅವನು ಒಂದೇ ದಿನದಲ್ಲಿ ಬರೆದು ಮುಗಿಸಿದನೆಂಬುದು ಗಾರೆಯ ಅಂಚುಗಳನ್ನು ಪರೀಕ್ಷಿಸಿದವರಿಗೆ ತಿಳಿದಿದೆ. ಆದಿಮಾನವ ಆದಾಮನ ಸೃಷ್ಟಿಯ ಚಿತ್ರವನ್ನಂತೂ ನೀವೂ ಎಲ್ಲಾದರೂ ಕಂಡಿರಬಹುದು. ಬರಿಯ ನೆಲದ ಮೇಲೆ ಒರಗಿದ ಆದಾಮನು ಎಡಗೈಯನ್ನು ಅಲಸವಾಗಿ ಮುಂದಕ್ಕೆ ಚಾಚಿದ್ದಾನೆ. ಎದುರಿನಿಂದ ದೇವರು ಗಾಳಿಯಲ್ಲಿ ತೇಲಿಬಂದು ಬಲಗೈಯನ್ನು ನೀಡಿದ್ದಾನೆ. ಎರಡು ಬೆರಳುಗಳ ತುದಿಗಳು ಇನ್ನೇನು ಕೂಡಬೇಕು, ಕೂಡಿಲ್ಲ. ನಡುವೆ ಒಂದಿಷ್ಟು ಬರಿಯ ಗಾರೆ. ಇಪ್ಪತ್ತು ಮೀಟರು ಕೆಳಗೆ ನಿಂತವನ ಕಣ್ಣು ಮೊದಲು ಹೋಗುವುದು ಏನನ್ನೂ ಬರೆಯದ ಆ ಸ್ಥಳಕ್ಕೇ.

ಎಂದಿಗೆ ಮುಗಿಸುತ್ತೀಯೆಂದು ಪೋಪನು ಪದೇ ಪದೇ ಕೇಳುವನು, ಆದಾಗ ಮುಗಿಯುತ್ತದೆಂದು ಚಿತ್ರಕಾರನು ಉತ್ತರ ಕೊಡುವನು. ಒಮ್ಮೆ ಈ ಉತ್ತರಕ್ಕೆ ಕೆರಳಿದ ಪೋಪನು ಕೈಯಲ್ಲಿದ್ದ ಕೋಲಿನಿಂದ ಅವನನ್ನು ಹೊಡೆದನಂತೆ. ಅವನು ಊರು ಬಿಡಲು ಗಂಟುಮೂಟೆ ಕಟ್ಟತೊಡಗಿದಾಗ 500 ಡುಕಾಟು ಕಳುಹಿಸಿ ಸಮಾಧಾನಪಡಿಸಿದನಂತೆ. 1512ರ ಅಕ್ಟೋಬರ್ 31ರಂದು ಅಟ್ಟಣೆಯನ್ನೆಲ್ಲ ತೆಗೆದರು. ಚಿತ್ರ ಮುಗಿಯಿತು, ಪೋಪನು ತೃಪ್ತನಾಗಿದ್ದಾನೆ ಎಂದು ಅವನು ತಂದೆಗೆ ನಾಲ್ಕು ಸಾಲಿನ ಕಾಗದ ಬರೆದನು. ಅವನಿಗೆ ಆಗ ಮೂವತ್ತೇಳು ವರ್ಷ. ಮೇಲೆ ನೋಡಿ ನೋಡಿ ಕಣ್ಣು ಎಷ್ಟು ಒಗ್ಗಿಹೋಗಿತ್ತೆಂದರೆ, ಅನಂತರವೂ ಕೆಲವು ಕಾಲ ಯಾವ ಕಾಗದವನ್ನು ಓದಬೇಕಾದರೂ ಅದನ್ನು ತಲೆಯ ಮೇಲೆತ್ತಿ ಹಿಡಿಯಬೇಕಾಗಿತ್ತು. ಮೂರ್ನಾಲ್ಕು ತಿಂಗಳಲ್ಲಿ ಪೋಪ್ ಜೂಲಿಯಸ್ ತೀರಿಕೊಂಡನು.

ಮೈಕೆಲೆಂಜೆಲೊ ಇನ್ನೂ ಐವತ್ತು ವರ್ಷ ಬದುಕಿದನು. ಯಾವುದಕ್ಕಾಗಿ ಕರಾರದ ಬೆಟ್ಟದಲ್ಲಿ ಕಲ್ಲು ಆರಿಸಿದ್ದನೋ ಆ ಸಮಾಧಿ ಕುಗ್ಗುತ್ತ ಕುಗ್ಗುತ್ತ, ತೊಡಗಿ ನಲವತ್ತು ವರ್ಷಗಳಾದ ಮೇಲೆ 1545ರಲ್ಲಿ ಹೇಗೋ ಮುಗಿಯಿತು. ಅದರಲ್ಲಿರುವ ಮೋಶೆಯ ಮೂರ್ತಿಯೊಂದೇ ಮೊದಲಿನ ಕನಸು ಎಷ್ಟು ದೊಡ್ಡದಾಗಿತ್ತೆಂಬುದನ್ನು ತೋರಿಸುತ್ತದೆ. ಅರುವತ್ತು ದಾಟಿದ ಮೇಲೆ ಅದೇ ಸಿಸ್ಟೈನ್ ಮಂದಿರದ ಪೂಜಾಪೀಠದ ಹಿಂದಿನ ಗೋಡೆಗೆ ‘ಅಂತಿಮ ತೀರ್ಪು’ ಎಂಬ ಮಹಾಚಿತ್ರವನ್ನು ಬರೆದನು. 1536ರಿಂದ 1541ರವರೆಗೆ ನಡೆದ ಆ ಕೆಲಸದಲ್ಲಿ ಒಮ್ಮೆ ಸಾರುವೆಯಿಂದ ಬಿದ್ದು ಕಾಲಿಗೆ ಪೆಟ್ಟಾಯಿತು. ಎಪ್ಪತ್ತರ ಮೇಲೆ ಸಂತ ಪೀಟರನ ದೇವಾಲಯದ ಹೊಣೆ ಹೊತ್ತು, ಸಂಬಳ ಬೇಡವೆಂದು ಹೇಳಿ, ಅದರ ಗುಮ್ಮಟವನ್ನು ರೂಪಿಸಿದನು. ಗುಮ್ಮಟ ಪೂರ್ಣವಾದುದು ಅವನು ಸತ್ತು ಇಪ್ಪತ್ತಾರು ವರ್ಷಗಳ ಮೇಲೆ. 1564ರ ಫೆಬ್ರವರಿ 18ರಂದು ರೋಮಿನಲ್ಲಿ ಅವನು ಕಣ್ಣುಮುಚ್ಚಿದನು. ಎಂಬತ್ತೊಂಬತ್ತು ತುಂಬಲು ಮೂರು ವಾರವೂ ಉಳಿದಿರಲಿಲ್ಲ. ಕೆಲವೇ ದಿನಗಳ ಹಿಂದೆ ಕೂಡ ಉಳಿ ಹಿಡಿದು ಕಲ್ಲಿನ ಮುಂದೆ ನಿಂತಿದ್ದನು. ಅಣ್ಣತಮ್ಮಂದಿರ ಮಗನೊಬ್ಬನು ದೇಹವನ್ನು ಗುಟ್ಟಾಗಿ ಫ್ಲಾರೆನ್ಸಿಗೆ ಸಾಗಿಸಿದನು. ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನ ಸಮಾಧಿಯಿದೆ.

ನಾನೂರಕ್ಕೂ ಹೆಚ್ಚು ವರ್ಷಗಳ ಮೇಣದಬತ್ತಿಯ ಹೊಗೆಯಿಂದಲೂ, ನಡುನಡುವೆ ಯಾರೋ ಹೊಳಪಿಗಾಗಿ ಬಳಿದ ಅಂಟಿನಿಂದಲೂ ಛಾವಣಿ ಕಪ್ಪಾಗಿತ್ತು. ಮೈಕೆಲೆಂಜೆಲೊ ಮಂಕಾದ ಬಣ್ಣಗಳನ್ನೇ ಬಳಸುತ್ತಿದ್ದನೆಂದು ಪುಸ್ತಕಗಳಲ್ಲಿ ಬರೆದುದೂ ಉಂಟು. 1980ರಿಂದ 1989ರವರೆಗೆ ಪರಿಣತರು ಅದನ್ನು ಅಂಗುಲ ಅಂಗುಲವಾಗಿ ತೊಳೆದಾಗ ತಿಳಿ ಗುಲಾಬಿ, ಎಳೆಹಸುರು, ಕಿತ್ತಳೆ ಬಣ್ಣಗಳು ಹೊರಬಂದವು. ಇದು ಅತಿಯಾಯಿತೆಂದು ಕೆಲವು ವಿದ್ವಾಂಸರು ಆಕ್ಷೇಪಿಸಿದರು. ಈ ಕೆಲಸಕ್ಕೆ ಅಟ್ಟಣೆ ನಿಲ್ಲಿಸಬೇಕಾದಾಗ ಹೊಸ ರಂಧ್ರಗಳನ್ನು ಕೊರೆಯುವ ಅಗತ್ಯ ಬೀಳಲಿಲ್ಲ. 1508ರಲ್ಲಿ ಮೈಕೆಲೆಂಜೆಲೊ ಮಾಡಿಸಿದ ರಂಧ್ರಗಳು ಗೋಡೆಯಲ್ಲಿ ಹಾಗೆಯೇ ಇದ್ದವು. ಕಬ್ಬಿಣದ ತೊಲೆಗಳನ್ನು ಅವುಗಳಲ್ಲಿಯೇ ಸೇರಿಸಿದರು.

ಮೇಜಿನ ಕೆಳಗಿನ ಆಟವನ್ನು ಸರಿಪಡಿಸಿ ಆಡಬೇಕೆನ್ನುವವರಿಗೆ ಮಹಡಿಯುಳ್ಳ ಶಾಲೆಯಲ್ಲಿ ಅನುಕೂಲವಾದ ಸ್ಥಳವಿದೆ. ಮೆಟ್ಟಿಲುಗಳ ಕೆಳಭಾಗವು ಇಳಿಜಾರಾಗಿ ಬಂದು ಒಂದು ಕಡೆ ತಲೆಯ ಎತ್ತರಕ್ಕೆ ಇಳಿದಿರುತ್ತದೆ. ನಿಂತು ಕೈಯೆತ್ತಿದರೆ ಎಟಕುವ ಜಾಗ ನೋಡಿ ಅಲ್ಲಿ ದೊಡ್ಡ ಹಾಳೆಯೊಂದನ್ನು ಅಂಟಿಸಿರಿ. ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿರಿ. ಎದುರುಬದುರಾಗಿ ಚಾಚಿದ ಎರಡು ಕೈಗಳನ್ನು ಬರೆಯುವುದೇ ಸಾಕು. ಕತ್ತು ನೋಯುವವರೆಗೆ ಬರೆದು, ಬಣ್ಣ ಒಣಗಿದ ಮೇಲೆ ಹಾಳೆಯನ್ನು ಬಿಡಿಸಿಕೊಂಡು ಹೋಗಿ ಮಹಡಿಯ ಮೇಲಿನ ಕಟಕಟೆಯಿಂದ ಗೆಳೆಯನೊಬ್ಬನ ಕೈಯಲ್ಲಿ ಇಳಿಬಿಡಿಸಿರಿ. ನೀವು ಅಂಗಳದ ಆ ಕೊನೆಗೆ ಹೋಗಿ ನಿಂತು, ಬೆರಳುಗಳ ನಡುವೆ ಬಿಟ್ಟ ಜಾಗ ಅಲ್ಲಿಗೆ ಕಾಣುವುದೇ ನೋಡಿರಿ.